ಥಾಮಸ್ ಅಡಿಸನ್

ಮನುಷ್ಯನ ಉದರದ ಹಿಂಭಾಗದಲ್ಲಿ, ಬೆನ್ನುಮೂಳೆಯ ಇಕ್ಕೆಲಗಳಲ್ಲಿ, ಎರಡು ಮೂತ್ರಪಿಂಡಗಳಿವೆ. ಒಂದೊಂದು ಮೂತ್ರಪಿಂಡದ ನೆತ್ತಿಯ ಮೇಲೂ ಟೋಪಿಯನ್ನಿಟ್ಟಂತೆ ಹಳದಿ ಬಣ್ಣದ ಒಂದು ಪುಟ್ಟ ಗ್ರಂಥಿ ಕುಳಿತಿರುತ್ತದೆ. ಅದರ ತೂಕ ಸುಮಾರು 4ರಿಂದ 5 ಗ್ರಾಂ. ಇಟಲಿಯ ಅಂಗರಚನಾಶಾಸ್ತ್ರಜ್ಞ ಯೂಸ್ಟೇಕಿಯಸನು 16ನೆಯ ಶತಮಾನದಲ್ಲಿಯೇ ಅದನ್ನು ಕಂಡು ವರ್ಣಿಸಿದ್ದನು. ಆದರೆ ಅದು ದೇಹದಲ್ಲಿ ಏನು ಕೆಲಸ ಮಾಡುತ್ತದೆಂಬುದು ಯಾರಿಗೂ ತಿಳಿದಿರಲಿಲ್ಲ. ಫ್ರಾನ್ಸಿನ ಬೋರ್ಡೊ ನಗರದ ವಿಜ್ಞಾನ ಅಕಾಡೆಮಿಯು 1716ರಲ್ಲಿ ಈ ಗ್ರಂಥಿಗಳ ಉಪಯೋಗವೇನೆಂಬ ಪ್ರಶ್ನೆಯನ್ನು ವಿದ್ವಾಂಸರ ಮುಂದಿಟ್ಟು, ಉತ್ತಮ ಪ್ರಬಂಧಕ್ಕೆ ಬಹುಮಾನವನ್ನು ಸಾರಿತು. ಬಂದ ಪ್ರಬಂಧಗಳನ್ನು ಪರಿಶೀಲಿಸುವ ಹೊಣೆ, ಮುಂದೆ ರಾಜ್ಯಶಾಸ್ತ್ರದ ಗ್ರಂಥಗಳಿಂದ ಲೋಕಪ್ರಸಿದ್ಧನಾದ ಮಾಂಟೆಸ್ಕ್ಯೂವಿನ ಪಾಲಿಗೆ ಬಂದಿತು. 1718ರಲ್ಲಿ ಅವನು ತನ್ನ ತೀರ್ಪನ್ನು ನೀಡಿದನು: ಒಂದು ಪ್ರಬಂಧವೂ ಬಹುಮಾನಕ್ಕೆ ಅರ್ಹವಾಗಿರಲಿಲ್ಲ. ಆ ಪ್ರಶ್ನೆ ಇನ್ನೂ ನೂರಕ್ಕೂ ಹೆಚ್ಚು ವರ್ಷಗಳ ಕಾಲ ಹಾಗೆಯೇ ಉಳಿಯಿತು. ಉತ್ತರದ ಮೊದಲ ಸುಳಿವು ದೊರೆತದ್ದು ಪಂಡಿತರ ಪ್ರಬಂಧಗಳಿಂದಲ್ಲ, ಲಂಡನ್ನಿನ ಒಂದು ಆಸ್ಪತ್ರೆಯ ಬಡ ರೋಗಿಗಳ ಹಾಸಿಗೆಯ ಬಳಿ. ಅದನ್ನು ಕಂಡವನು ಥಾಮಸ್ ಅಡಿಸನ್.

ಅಡಿಸನ್ನನು ಹುಟ್ಟಿದ್ದು 1793ರಲ್ಲಿ. 1795 ಎಂದು ಹೇಳುವವರೂ ಉಂಟು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ನ್ಯೂಕಾಸಲ್ ಪಟ್ಟಣಕ್ಕೆ ಹತ್ತಿರದ ಲಾಂಗ್ ಬೆಂಟನ್ ಎಂಬ ಹಳ್ಳಿ ಅವನ ಜನ್ಮಸ್ಥಳ. ತಂದೆ ಜೋಸೆಫನು ಆ ಹಳ್ಳಿಯಲ್ಲಿ ದಿನಸಿಯನ್ನೂ ಹಿಟ್ಟನ್ನೂ ಮಾರುವ ವ್ಯಾಪಾರಿ. ಕಂಬರ್‌ಲ್ಯಾಂಡ್ ಪ್ರಾಂತದ ಲ್ಯಾನರ್‌ಕಾಸ್ಟ್ ಅವರ ಪೂರ್ವಿಕರ ಊರು. ವ್ಯಾಪಾರಿಯಾದರೂ ತಂದೆಗೆ ಮಗನ ವಿದ್ಯಾಭ್ಯಾಸದ ಬಗೆಗೆ ದೊಡ್ಡ ಹಂಬಲವಿತ್ತು. ಹಳ್ಳಿಯ ಶಾಲೆಯಿಂದ ಮಗನನ್ನು ನ್ಯೂಕಾಸಲಿನ ಪ್ರೌಢಶಾಲೆಗೆ ಕಳುಹಿಸಿದನು. ಅಲ್ಲಿ ಥಾಮಸನು ಲ್ಯಾಟಿನ್ ಭಾಷೆಯನ್ನು ಎಷ್ಟು ಚೆನ್ನಾಗಿ ಕಲಿತನೆಂದರೆ, ಮುಂದೆ ಪಾಠಗಳ ಟಿಪ್ಪಣಿಯನ್ನು ಆ ಭಾಷೆಯಲ್ಲಿಯೇ ಬರೆದುಕೊಳ್ಳಬಲ್ಲವನಾದನು. ಮಗನು ವಕೀಲನಾಗಲೆಂದು ತಂದೆಯ ಆಸೆ. ಮಗನ ಒಲವು ವೈದ್ಯಶಾಸ್ತ್ರದ ಕಡೆಗೆ. 1812ರಲ್ಲಿ ಅವನು ಎಡಿನ್‌ಬರೊ ವಿಶ್ವವಿದ್ಯಾಲಯವನ್ನು ಸೇರಿ, 1815ರಲ್ಲಿ ವೈದ್ಯ ಪದವಿಯನ್ನು ಪಡೆದು, ಲಂಡನ್ನಿಗೆ ಬಂದನು.

ಲಂಡನ್ನಿನಲ್ಲಿ ಆಗ ಬೇಟ್‌ಮನ್ ಎಂಬ ವೈದ್ಯನು ಚರ್ಮರೋಗಗಳಲ್ಲಿ ಹೆಸರುವಾಸಿಯಾಗಿದ್ದನು. ಪದವೀಧರನಾಗಿದ್ದರೂ ಅಡಿಸನ್ನನು ಅವನ ಬಳಿ ಮತ್ತೆ ಶಿಷ್ಯನಾಗಿ ನಿಂತನು. ಚರ್ಮದ ಮೇಲಿನ ಒಂದು ಮಚ್ಚೆ, ಒಂದು ಬಣ್ಣ, ಒಂದು ಗೆರೆ ಕೂಡ ಅರ್ಥವಿಲ್ಲದ್ದಲ್ಲವೆಂದು ಅವನ ಕಣ್ಣು ಅಲ್ಲಿ ಕಲಿಯಿತು. ಇತರರು ಗಮನಿಸದೆ ಬಿಟ್ಟುದನ್ನು ಅವನು ಮುಂದೆ ಗುರುತಿಸಲು ಈ ಶಿಕ್ಷಣವೇ ಬಹುಮಟ್ಟಿಗೆ ಕಾರಣವಾಯಿತು.

ಬಳಿಕ ಅವನು ಗೈ ಆಸ್ಪತ್ರೆಯನ್ನು ಸೇರಿದನು. ಇದು 1721ರಲ್ಲಿ ಥಾಮಸ್ ಗೈ ಎಂಬ ಪುಸ್ತಕ ವ್ಯಾಪಾರಿಯ ಹಣದಿಂದ ಸ್ಥಾಪಿತವಾದ ಸಂಸ್ಥೆ. ಅಡಿಸನ್ನನು ವೈದ್ಯನಾಗಿದ್ದರೂ ಅಲ್ಲಿಗೆ ಶುಲ್ಕ ತೆತ್ತು ಕಲಿಯುವ ವಿದ್ಯಾರ್ಥಿಯಾಗಿಯೇ ಪ್ರವೇಶಿಸಿದನೆಂಬುದು ಗಮನಾರ್ಹ. 1824ರಲ್ಲಿ ಸಹಾಯಕ ವೈದ್ಯನಾದನು. 1827ರಲ್ಲಿ ಔಷಧಶಾಸ್ತ್ರದ ಉಪನ್ಯಾಸಕನಾದನು. 1837ರಲ್ಲಿ ಪೂರ್ಣ ವೈದ್ಯನ ಸ್ಥಾನಕ್ಕೆ ಏರಿದನು. ಮೂತ್ರಪಿಂಡದ ರೋಗಗಳನ್ನು ವಿವರಿಸಿದ ರಿಚರ್ಡ್ ಬ್ರೈಟ್, ಹಾಲುರಸ ಗ್ರಂಥಿಗಳ ಒಂದು ರೋಗಕ್ಕೆ ತನ್ನ ಹೆಸರನ್ನು ಬಿಟ್ಟುಹೋದ ಥಾಮಸ್ ಹಾಡ್ಜ್‌ಕಿನ್, ಇವರಿಬ್ಬರೂ ಅದೇ ಆಸ್ಪತ್ರೆಯಲ್ಲಿ ಅವನೊಡನೆ ದುಡಿದವರು. ಒಂದೇ ಸೂರಿನ ಕೆಳಗೆ ಏಕಕಾಲದಲ್ಲಿ ಅಂಥ ಮೂವರು ಇದ್ದುದು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಅಪರೂಪ. ಬ್ರೈಟ್ ಮತ್ತು ಅಡಿಸನ್ ಇಬ್ಬರ ಹೆಸರಿನಲ್ಲಿ 1839ರಲ್ಲಿ ಒಂದು ವೈದ್ಯಗ್ರಂಥವೂ ಹೊರಬಂದಿತು. ಅದರಲ್ಲಿ ಹೆಚ್ಚಿನ ಭಾಗವನ್ನು ಬರೆದವನು ಅಡಿಸನ್ನನೇ.

ಆಸ್ಪತ್ರೆಯಲ್ಲಿ ಅವನು ಅನುಸರಿಸುತ್ತಿದ್ದ ಕ್ರಮ ಸರಳ, ಆದರೆ ಕಷ್ಟಸಾಧ್ಯ. ರೋಗಿಯ ಹಾಸಿಗೆಯ ಬಳಿ ಬಹಳ ಹೊತ್ತು ನಿಂತು, ಅಡಿಯಿಂದ ಮುಡಿಯವರೆಗೆ ಪರೀಕ್ಷಿಸುತ್ತಿದ್ದನು. ಎದೆಯ ಸದ್ದನ್ನು ಸ್ಟೆತಸ್ಕೋಪಿನಿಂದ ಆಲಿಸುವ ವಿದ್ಯೆ ಆಗ ಇನ್ನೂ ಹೊಸದು. ಅದರಲ್ಲಿ ಅವನು ಪರಿಣತನಾದನು. ರೋಗಿ ಬದುಕದೆ ಹೋದರೆ ಶವಪರೀಕ್ಷೆಯ ಮೇಜಿನ ಬಳಿಗೂ ಹೋಗಿ, ಬದುಕಿದ್ದಾಗ ಕಂಡ ಲಕ್ಷಣಗಳಿಗೆ ಯಾವ ಅಂಗದ ಕೆಡುಕು ಕಾರಣವೆಂದು ಹುಡುಕುತ್ತಿದ್ದನು. ಕಾರಣ ಸಿಕ್ಕುವವರೆಗೆ ಅವನಿಗೆ ನೆಮ್ಮದಿಯಿರಲಿಲ್ಲ. ರೋಗವನ್ನು ಕಂಡುಹಿಡಿದ ಸಂತೋಷದಲ್ಲಿ ಔಷಧವನ್ನು ಬರೆದುಕೊಡಲು ಮರೆತುಬಿಡುತ್ತಿದ್ದನೆಂದೂ ಹೇಳುತ್ತಾರೆ. ಇದು ವೈದ್ಯನಿಗೆ ಭೂಷಣವಲ್ಲ, ನಿಜ. ಆದರೆ ಬಹುಪಾಲು ರೋಗಗಳಿಗೆ ಸರಿಯಾದ ಔಷಧವೇ ಇಲ್ಲದಿದ್ದ ಆ ಕಾಲದಲ್ಲಿ, ರೋಗವೇನೆಂದು ತಿಳಿಯುವುದೇ ಮುಂದಿನ ದಾರಿಗೆ ಮೊದಲ ಹೆಜ್ಜೆಯಾಗಿತ್ತು.

ಅವನ ಉಪನ್ಯಾಸಗಳಿಗೆ ವಿದ್ಯಾರ್ಥಿಗಳು ಕಿಕ್ಕಿರಿದು ನೆರೆಯುತ್ತಿದ್ದರು. ಎತ್ತರದ ನಿಲುವು, ಗಂಭೀರವಾದ ಮುಖ, ಸ್ಫುಟವಾದ ಮಾತು. ನೋಡಿದವರು ಅವನನ್ನು ಅಹಂಕಾರಿಯೆಂದು ಭಾವಿಸುತ್ತಿದ್ದರು. ವಾಸ್ತವವಾಗಿ ಅವನು ಅತ್ಯಂತ ಸಂಕೋಚದ ಸ್ವಭಾವದವನು. ಸಭೆಯಲ್ಲಿ ಎದ್ದು ನಿಂತಾಗಲೆಲ್ಲ ಒಳಗೊಳಗೇ ನಡುಗುತ್ತಿದ್ದನು. ಆ ಸಂಕೋಚವನ್ನು ಮುಚ್ಚಿಕೊಳ್ಳಲು ತಾಳಿದ ಬಿಗುವನ್ನು ಜನರು ಗರ್ವವೆಂದು ತಿಳಿದರು. ಶ್ರೀಮಂತರ ಮನೆಗಳಿಗೆ ಹೋಗಿ ಹಣ ಗಳಿಸುವ ಚಾತುರ್ಯವೂ ಅವನಿಗಿರಲಿಲ್ಲ. ಆಸ್ಪತ್ರೆ ಮತ್ತು ವಿದ್ಯಾರ್ಥಿಗಳು, ಇವೇ ಅವನ ಪ್ರಪಂಚವಾಗಿದ್ದವು. 1847ರಲ್ಲಿ, ಐವತ್ತು ದಾಟಿದ ಮೇಲೆ, ಎಲಿಜಬೆತ್ ಹಾಕ್ಸ್‌ವೆಲ್ ಎಂಬ ವಿಧವೆಯನ್ನು ಲ್ಯಾನರ್‌ಕಾಸ್ಟಿನಲ್ಲಿ ಮದುವೆಯಾದನು.

ಹಲವು ವರ್ಷಗಳಿಂದ ಒಂದು ವಿಚಿತ್ರವಾದ ರಕ್ತಹೀನತೆ ಅವನನ್ನು ಕಾಡುತ್ತಿತ್ತು. ರಕ್ತಸ್ರಾವವಿಲ್ಲ, ಕ್ಷಯವಿಲ್ಲ, ಹುಣ್ಣಿಲ್ಲ. ಆದರೂ ರೋಗಿಗಳು ಬಿಳಿಚಿಕೊಂಡು, ಬಲಗುಂದಿ, ಕೊನೆಗೆ ಸಾಯುತ್ತಿದ್ದರು. ಇದರ ಮೂಲವನ್ನು ಹುಡುಕುತ್ತಿರುವಾಗ ಕೆಲವು ಶವಗಳಲ್ಲಿ ಮೂತ್ರಪಿಂಡದ ಮೇಲಣ ಗ್ರಂಥಿಗಳು ಕೆಟ್ಟಿರುವುದು ಅವನ ಕಣ್ಣಿಗೆ ಬಿದ್ದಿತು. 1849ರ ಮಾರ್ಚಿಯಲ್ಲಿ ದಕ್ಷಿಣ ಲಂಡನ್ ವೈದ್ಯ ಸಂಘದಲ್ಲಿ ಈ ವಿಷಯವನ್ನು ಕುರಿತು ಮಾತನಾಡಿದನು. ಕೇಳಿದವರು ಅದನ್ನು ಅಷ್ಟಾಗಿ ಲಕ್ಷಿಸಲಿಲ್ಲ. ಅವನ ವಿವರಣೆಯೂ ಆಗ ಪೂರ್ತಿ ಸರಿಯಾಗಿರಲಿಲ್ಲ. ಬೇರೆ ಬೇರೆಯಾದ ಎರಡು ರೋಗಗಳು ಅದರಲ್ಲಿ ಬೆರೆತುಹೋಗಿದ್ದವು. ಒಂದು ರಕ್ತದ ರೋಗ, ಇನ್ನೊಂದು ಗ್ರಂಥಿಯ ರೋಗ. ಅಡಿಸನ್ನನು ಹಟ ಹಿಡಿಯದೆ ಮತ್ತೆ ಆರು ವರ್ಷ ನೋಡಿದನು, ಕಾದನು, ಒಂದನ್ನೊಂದರಿಂದ ಬೇರ್ಪಡಿಸಿದನು.

ಅವನ ಪುಸ್ತಕ 1855ರಲ್ಲಿ ಪ್ರಕಟವಾಯಿತು. ಅದು 43 ಪುಟಗಳ ಸಣ್ಣ ಪುಸ್ತಕ. ಜೊತೆಗೆ ಬಣ್ಣದ ಚಿತ್ರಪಟಗಳು. ಅದರಲ್ಲಿ 11 ರೋಗಿಗಳ ವೃತ್ತಾಂತವಿದೆ. ಮೊದಲನೆಯವನು 32 ವರ್ಷದ ಒಬ್ಬ ರೊಟ್ಟಿ ಸುಡುವ ಕೆಲಸಗಾರ. ಬಿಳಿಯ ಮೈಬಣ್ಣದ ಆ ಮನುಷ್ಯನ ಚರ್ಮ ಬರಬರುತ್ತ ಕಂದುಗಟ್ಟುತ್ತ ಹೋಗಿತ್ತು. ಬೇರೆ ರೋಗಿಗಳ ಕಥೆಯೂ ಬಹುತೇಕ ಹೀಗೆಯೇ. ರೋಗ ಯಾವಾಗ ಮೊದಲಾಯಿತೆಂದು ರೋಗಿಗೂ ಹೇಳಲಾಗದಷ್ಟು ಮೆಲ್ಲನೆ ನಿಶ್ಶಕ್ತಿ ಆವರಿಸುತ್ತದೆ. ಹಸಿವು ಇಂಗುತ್ತದೆ, ವಾಂತಿಯಾಗುತ್ತದೆ. ನಾಡಿ ಸಣ್ಣದಾಗಿ, ಒತ್ತಿದರೆ ಅಡಗುವಷ್ಟು ಮೆತ್ತಗಾಗುತ್ತದೆ. ಇವೆಲ್ಲ ಇತರ ರೋಗಗಳಲ್ಲಿಯೂ ಕಾಣಬಹುದಾದವು. ಆದರೆ ಚರ್ಮದ ಬಣ್ಣ ಬದಲಾಗುವುದು ಈ ರೋಗದ ವಿಶೇಷ ಗುರುತು. ಮುಖ, ಕತ್ತು, ಕೈಗಳ ಮೇಲೆ, ಕಂಕುಳಲ್ಲಿ, ಹೊಕ್ಕುಳಿನ ಸುತ್ತ ಹೊಗೆ ಹಿಡಿದಂತೆ ಕಪ್ಪುಛಾಯೆ ಹರಡುತ್ತದೆ. ಶವಪರೀಕ್ಷೆಯಲ್ಲಿ ಉಳಿದ ಅಂಗಗಳು ಸಾವಿಗೆ ಕಾರಣವಾಗುವಷ್ಟು ಕೆಟ್ಟಿರದಿದ್ದರೂ ಆ ಎರಡು ಪುಟ್ಟ ಗ್ರಂಥಿಗಳು ಹಾಳಾಗಿರುತ್ತಿದ್ದವು. ಹಲವರಲ್ಲಿ ಅವನ್ನು ಕ್ಷಯವು ತಿಂದುಹಾಕಿತ್ತು. ಒಬ್ಬರಲ್ಲಿ ಕ್ಷಯವೂ ಇರಲಿಲ್ಲ, ಗಂಟೂ ಇರಲಿಲ್ಲ. ಗ್ರಂಥಿಗಳು ಸುಮ್ಮನೆ ಸುಕ್ಕಿಹೋಗಿದ್ದವು.

ಆ ಗ್ರಂಥಿಗಳಿಲ್ಲದೆ ಮನುಷ್ಯನು ಬದುಕಲಾರನು. ಅಡಿಸನ್ನನ ವೃತ್ತಾಂತಗಳಿಂದ ಹೊರಡುವ ತಾತ್ಪರ್ಯ ಇಷ್ಟು. ಅವು ಏನು ಮಾಡುತ್ತವೆ, ಅವು ಕೆಟ್ಟರೆ ಚರ್ಮವೇಕೆ ಕಪ್ಪಾಗಬೇಕು ಎಂಬುದು ಅವನಿಗೆ ತಿಳಿಯದು. ತಿಳಿದಿದೆಯೆಂದು ಹೇಳಿಕೊಳ್ಳಲೂ ಇಲ್ಲ. ಕಂಡದ್ದನ್ನು ಕಂಡಷ್ಟೇ ಬರೆದಿಟ್ಟನು.

ಈ ಪುಸ್ತಕಕ್ಕೆ ಸ್ವದೇಶದಲ್ಲಿ ಆದರಕ್ಕಿಂತ ಸಂದೇಹವೇ ಹೆಚ್ಚಾಗಿ ದೊರೆಯಿತು. ಎಡಿನ್‌ಬರೊವಿನಲ್ಲಿ ಬೆನೆಟ್ ಎಂಬ ಪ್ರಸಿದ್ಧ ಪ್ರಾಧ್ಯಾಪಕನು ಇಂಥ ರೋಗವೊಂದು ಇದೆಯೆಂಬುದನ್ನೇ ಒಪ್ಪಲಿಲ್ಲ. ಅಡಿಸನ್ನನು ಓದಿದ್ದು ಅದೇ ವಿಶ್ವವಿದ್ಯಾಲಯದಲ್ಲಿ. ಆದರೆ ಪ್ಯಾರಿಸ್ಸಿನಲ್ಲಿ ಟ್ರೂಸೊ ಎಂಬ ಹಿರಿಯ ವೈದ್ಯನು ತನ್ನ ರೋಗಿಯಲ್ಲಿ ಅವೇ ಲಕ್ಷಣಗಳನ್ನು ಗುರುತಿಸಿ, ಅದಕ್ಕೆ ಅಡಿಸನ್ ರೋಗವೆಂದು ಹೆಸರಿಟ್ಟನು. ಬ್ರೌನ್ ಸೆಕಾರ್ ಎಂಬ ವಿಜ್ಞಾನಿ 1856ರಲ್ಲಿ ಪ್ರಾಣಿಗಳ ದೇಹದಿಂದ ಈ ಗ್ರಂಥಿಗಳನ್ನು ತೆಗೆದುಹಾಕಿ ನೋಡಿದನು. ಪ್ರಾಣಿಗಳು ಬಹುಬೇಗ ಸತ್ತವು. ಅವು ಸತ್ತದ್ದು ಶಸ್ತ್ರಕ್ರಿಯೆಯ ಆಘಾತದಿಂದಲೇ ಹೊರತು ಗ್ರಂಥಿಯ ಅಭಾವದಿಂದಲ್ಲವೆಂದು ವಾದಿಸುವವರೂ ಇದ್ದರು. ಗೈ ಆಸ್ಪತ್ರೆಯಲ್ಲಿ ಅಡಿಸನ್ನನ ಶಿಷ್ಯ ಸ್ಯಾಮುಯೆಲ್ ವಿಲ್ಕ್ಸನು ಹೊಸ ಹೊಸ ರೋಗಿಗಳ ವೃತ್ತಾಂತಗಳನ್ನು ತಾಳ್ಮೆಯಿಂದ ಕೂಡಿಸುತ್ತ ಗುರುವಿನ ಪಕ್ಷವನ್ನು ಎತ್ತಿಹಿಡಿದನು.

ಇಷ್ಟರಲ್ಲಿ ಅಡಿಸನ್ನನ ಆರೋಗ್ಯವೇ ಕೆಟ್ಟಿತು. ಅವನ ರೋಗ ದೇಹದ್ದಲ್ಲ, ಮನಸ್ಸಿನದು. ತೀವ್ರವಾದ ವಿಷಣ್ಣತೆ ಅವನನ್ನು ಹಿಂದೆಯೂ ಮುತ್ತಿದ್ದುಂಟು. ಅಂಥ ಬೇನೆಗೆ ಆ ಕಾಲದಲ್ಲಿ ಚಿಕಿತ್ಸೆಯಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವ ರೂಢಿಯೂ ಇರಲಿಲ್ಲ. ಇತರರ ಮುಖವನ್ನು ನೋಡಿಯೇ ರೋಗವನ್ನು ಓದಬಲ್ಲ ವೈದ್ಯನ ದುಃಖವನ್ನು ಓದುವವರು ಸುತ್ತಮುತ್ತ ಇರಲಿಲ್ಲ. 1860ರಲ್ಲಿ ಅವನು ಆಸ್ಪತ್ರೆಯ ಕೆಲಸವನ್ನು ಬಿಟ್ಟು, ವಿದ್ಯಾರ್ಥಿಗಳಿಗೆ ಬೀಳ್ಕೊಡುಗೆಯ ಪತ್ರವನ್ನು ಬರೆದು, ಸಮುದ್ರತೀರದ ಬ್ರೈಟನ್ ಪಟ್ಟಣಕ್ಕೆ ವಿಶ್ರಾಂತಿಗೆಂದು ಹೋದನು. ಅಲ್ಲಿಯೂ ಮನಸ್ಸು ತಿಳಿಯಾಗಲಿಲ್ಲ. ಆ ಬೇನೆಯೇ ಅದೇ ವರ್ಷ ಜೂನ್ 29ರಂದು ಅವನ ಸಾವಿಗೆ ಕಾರಣವಾಯಿತು. ಪೂರ್ವಿಕರ ಊರಾದ ಲ್ಯಾನರ್‌ಕಾಸ್ಟಿನ ಹಳೆಯ ಮಠದ ಅಂಗಳದಲ್ಲಿ ಅವನ ಸಮಾಧಿಯಿದೆ.

ಅವನು ಬಿಟ್ಟುಹೋದ ಪ್ರಶ್ನೆಗಳಿಗೆ ಉತ್ತರ ದೊರೆಯಲು ಇನ್ನೂ ಬಹುಕಾಲ ಹಿಡಿಯಿತು. ಸೂಕ್ಷ್ಮವಾಗಿ ನೋಡಿದರೆ ಈ ಗ್ರಂಥಿ ಒಂದಲ್ಲ, ಎರಡು. ಹೊರಗೆ ಹಳದಿಯ ತೊಗಟೆ, ಒಳಗೆ ಕಂದುಗೆಂಪಿನ ತಿರುಳು. ಎರಡರ ಕೆಲಸವೂ ಬೇರೆ ಬೇರೆ. ಇವು ತಯಾರಿಸುವ ರಸಗಳು ನಾಳದ ಮೂಲಕ ಹರಿಯದೆ ನೇರವಾಗಿ ರಕ್ತವನ್ನು ಸೇರಿ ದೇಹವನ್ನೆಲ್ಲ ಸುತ್ತುತ್ತವೆ. ಇಂಥ ರಸಗಳಿಗೆ ಹಾರ್ಮೋನುಗಳೆಂದು ಹೆಸರು. ಮೊದಲು ಪತ್ತೆಯಾದದ್ದು ತಿರುಳಿನ ರಸ. ಇಂಗ್ಲೆಂಡಿನ ಆಲಿವರ್ ಮತ್ತು ಶೇಫರ್ ಎಂಬುವರು 1894ರ ಸುಮಾರಿನಲ್ಲಿ, ಈ ಗ್ರಂಥಿಯ ಸಾರವನ್ನು ಪ್ರಾಣಿಯ ರಕ್ತಕ್ಕೆ ಸೇರಿಸಿದೊಡನೆ ರಕ್ತದ ಒತ್ತಡ ಥಟ್ಟನೆ ಏರುವುದನ್ನು ಕಂಡರು. 1901ರಲ್ಲಿ ಜಪಾನಿನ ರಸಾಯನ ವಿಜ್ಞಾನಿ ತಕಮೀನೆಯು ಅದನ್ನು ಶುದ್ಧವಾದ ಹರಳುಗಳ ರೂಪದಲ್ಲಿ ಪಡೆದುದನ್ನು ಪ್ರಕಟಿಸಿದನು. ಅದೇ ಅಡ್ರಿನಲಿನ್. ಮುಸ್ಸಂಜೆಯಲ್ಲಿ ಕಾಲುದಾರಿಗೆ ಅಡ್ಡವಾಗಿ ಹಾವೊಂದು ಹರಿದರೆ ನೋಡಿದವನ ಎದೆ ಡವಗುಟ್ಟುತ್ತದೆ, ಮೈ ಬೆವರುತ್ತದೆ, ಕಾಲುಗಳಿಗೆ ಎಲ್ಲಿಲ್ಲದ ಬಲ ಬರುತ್ತದೆ. ಆ ಕ್ಷಣದಲ್ಲಿ ರಕ್ತಕ್ಕೆ ನುಗ್ಗಿದ ಅಡ್ರಿನಲಿನ್ನಿನ ಪ್ರಭಾವವದು.

ಆದರೆ ಅಡ್ರಿನಲಿನ್ನನ್ನು ಕೊಟ್ಟರೂ ಅಡಿಸನ್ ರೋಗಿಗಳು ಬದುಕಲಿಲ್ಲ. ತಿರುಳಿಲ್ಲದೆ ಮನುಷ್ಯನು ಬದುಕಬಲ್ಲನು; ತೊಗಟೆಯಿಲ್ಲದೆ ಬದುಕಲಾರನು. ತೊಗಟೆಯ ರಸಗಳಲ್ಲಿ ಮುಖ್ಯವಾದವು ಎರಡು. ಕಾರ್ಟಿಸಾಲ್ ಎಂಬುದು ಉಪವಾಸ, ಜ್ವರ, ಗಾಯ ಮೊದಲಾದ ಸಂಕಟಗಳಲ್ಲಿ ರಕ್ತದ ಸಕ್ಕರೆಯನ್ನೂ ಒತ್ತಡವನ್ನೂ ಇಳಿಯಗೊಡದೆ ದೇಹವನ್ನು ಎತ್ತಿಹಿಡಿಯುತ್ತದೆ. ಅಲ್ಡೊಸ್ಟೀರೋನ್ ಎಂಬುದು ಮೂತ್ರದಲ್ಲಿ ಉಪ್ಪು ವ್ಯರ್ಥವಾಗಿ ಹೋಗದಂತೆ ತಡೆಯುತ್ತದೆ. ಅದಿಲ್ಲವಾದರೆ ಉಪ್ಪೂ ಅದರೊಡನೆ ನೀರೂ ದೇಹದಿಂದ ಸೋರಿಹೋಗಿ ರಕ್ತದ ಒತ್ತಡ ಕುಸಿಯುತ್ತದೆ. ಅಡಿಸನ್ನನು ಬೆರಳಿನ ತುದಿಯಿಂದ ಮುಟ್ಟಿ ನೋಡಿದ ಆ ಮೆತ್ತನೆಯ ನಾಡಿಗೆ ಇದೇ ಕಾರಣ. ಇಂಥ ರೋಗಿಗಳು ಉಪ್ಪಿಗಾಗಿ ಹಂಬಲಿಸುವುದುಂಟು.

ಚರ್ಮದ ಬಣ್ಣದ ಗುಟ್ಟು ಇರುವುದು ಗ್ರಂಥಿಯಲ್ಲಲ್ಲ, ಅಲ್ಲಿಂದ ಬಹುದೂರದಲ್ಲಿ, ಮೆದುಳಿನ ಬುಡದಲ್ಲಿ. ಅಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯೂಟರಿ ಗ್ರಂಥಿಯು ಕಾರ್ಟಿಸಾಲನ್ನು ತಯಾರಿಸುವಂತೆ ಅಡ್ರಿನಲ್ ಗ್ರಂಥಿಗೆ ರಕ್ತದ ಮೂಲಕ ಆಜ್ಞೆಯನ್ನು ಕಳುಹಿಸುತ್ತಿರುತ್ತದೆ. ಆ ಆಜ್ಞೆಯೂ ಒಂದು ಹಾರ್ಮೋನೇ. ಕೆಳಗಿನ ಗ್ರಂಥಿ ಸತ್ತುಹೋಗಿದ್ದರೆ ಉತ್ತರ ಬರುವುದಿಲ್ಲ. ಉತ್ತರ ಬಾರದ್ದರಿಂದ ಪಿಟ್ಯೂಟರಿಯು ಮತ್ತೆ ಮತ್ತೆ, ಹೆಚ್ಚು ಹೆಚ್ಚಾಗಿ ಆಜ್ಞೆಯನ್ನು ಸುರಿಸುತ್ತದೆ. ಆ ರಸಕ್ಕೆ ಚರ್ಮದ ಬಣ್ಣದ ಕೋಶಗಳನ್ನು ಕೆರಳಿಸುವ ಗುಣವೂ ಇರುವುದರಿಂದ ಮೈ ಕಪ್ಪಾಗುತ್ತದೆ. ಸಹಜವಾಗಿಯೇ ಕಪ್ಪು ಮೈಬಣ್ಣದವರಾದ ನಮ್ಮ ನಾಡಿನ ಜನರಲ್ಲಿ ಇದನ್ನು ಗುರುತಿಸುವುದು ಕಷ್ಟ. ಆದುದರಿಂದ ವೈದ್ಯರು ಒಸಡು, ನಾಲಗೆ, ಅಂಗೈಯ ಗೆರೆಗಳು, ಹಳೆಯ ಗಾಯದ ಕಲೆಗಳು, ಇವುಗಳನ್ನು ಪರೀಕ್ಷಿಸುತ್ತಾರೆ.

ಗ್ರಂಥಿ ಸೊರಗಿದರೆ ಒಂದು ಕೇಡು. ಮಿತಿಮೀರಿ ದುಡಿದರೆ ಇನ್ನೊಂದು ಕೇಡು. ಕಾರ್ಟಿಸಾಲ್ ಹೆಚ್ಚಾದರೆ ಮುಖ ಚಂದ್ರನಂತೆ ಗುಂಡಗಾಗಿ, ಹೊಟ್ಟೆ ಬೆಳೆದು, ಕೈಕಾಲುಗಳು ಸಣಕಲಾಗುತ್ತವೆ. ರಕ್ತದ ಒತ್ತಡವೂ ಸಕ್ಕರೆಯೂ ಏರುತ್ತವೆ. ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗನು ಇದನ್ನು 1912ರಲ್ಲಿಯೂ, ಹೆಚ್ಚು ವಿವರವಾಗಿ 1932ರಲ್ಲಿಯೂ ವರ್ಣಿಸಿದನು. ವೈದ್ಯರ ಸಲಹೆಯಿಲ್ಲದೆ ಸ್ಟೀರಾಯ್ಡ್ ಮಾತ್ರೆಗಳನ್ನು ಬಹುಕಾಲ ನುಂಗುವವರಲ್ಲಿಯೂ ಇದೇ ರೂಪ ಕಾಣಿಸಿಕೊಳ್ಳುತ್ತದೆ. ಅಂಥವರ ಸ್ವಂತ ಗ್ರಂಥಿಗಳು ಕೆಲಸವಿಲ್ಲದೆ ಸೊರಗಿರುವುದರಿಂದ, ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರೆ ಅಡಿಸನ್ನನ ರೋಗಿಗಳಂತೆಯೇ ಕುಸಿದುಬೀಳುವ ಅಪಾಯವಿದೆ. ಇನ್ನು ತಿರುಳಿನಲ್ಲಿ ಗಂಟು ಬೆಳೆದರೆ, ಹಾವನ್ನು ಕಂಡವನ ಸ್ಥಿತಿ ಹಾವಿಲ್ಲದೆಯೇ ಬಂದೊದಗುತ್ತದೆ: ಇದ್ದಕ್ಕಿದ್ದಂತೆ ತಲೆನೋವು, ಬೆವರು, ಎದೆಬಡಿತ.

ಅಡಿಸನ್ ರೋಗಕ್ಕೆ ಸರಿಯಾದ ಮದ್ದು ದೊರೆತದ್ದು 20ನೆಯ ಶತಮಾನದ ನಡುವಿನಲ್ಲಿ. ತೊಗಟೆಯ ಹಾರ್ಮೋನುಗಳ ಸ್ವರೂಪವನ್ನು ಬಿಡಿಸಿದ ಕೆಂಡಾಲ್ ಮತ್ತು ರೈಕ್‌ಸ್ಟೈನ್, ಅವುಗಳಲ್ಲೊಂದಾದ ಕಾರ್ಟಿಸೋನನ್ನು ಕೀಲುನೋವಿನ ರೋಗಿಗಳಿಗೆ ಕೊಟ್ಟು ನೋಡಿದ ಹೆಂಚ್, ಈ ಮೂವರಿಗೆ 1950ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 1947ರಲ್ಲಿ ಅಮೆರಿಕದ ಒಬ್ಬ ತರುಣ ರಾಜಕಾರಣಿ ಲಂಡನ್ನಿನಲ್ಲಿ ಕಾಯಿಲೆ ಬಿದ್ದನು. ಅಡಿಸನ್ನನು ದುಡಿದ ಆ ಊರಿನಲ್ಲಿಯೇ ವೈದ್ಯರು ಅವನಿಗೆ ಅಡಿಸನ್ ರೋಗವಿದೆಯೆಂದು ಗುರುತಿಸಿದರು. ಆ ತರುಣನ ಹೆಸರು ಜಾನ್ ಕೆನೆಡಿ. ನೂರು ವರ್ಷ ಹಿಂದೆ ಹುಟ್ಟಿದ್ದರೆ ಅವನಿಗೆ ಉಳಿಗಾಲವಿರುತ್ತಿರಲಿಲ್ಲ. ಹಾರ್ಮೋನಿನ ಔಷಧಗಳ ಬಲದಿಂದ ಅವನು ಬದುಕಿ, 1961ರಲ್ಲಿ ಅಮೆರಿಕದ ಅಧ್ಯಕ್ಷನಾದನು.

ರೋಗದ ಕಾರಣಗಳೂ ಕಾಲದೊಡನೆ ಬದಲಾದವು. ಕ್ಷಯವು ಕಡಮೆಯಾದ ದೇಶಗಳಲ್ಲಿ, ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ ತನ್ನ ಗ್ರಂಥಿಯನ್ನು ಹಾಳುಮಾಡುವುದು ಈಗ ಮುಖ್ಯ ಕಾರಣವಾಗಿದೆ. ಅಡಿಸನ್ನನು ಒಬ್ಬ ರೋಗಿಯಲ್ಲಿ ಕಂಡ ಸುಕ್ಕಿದ ಗ್ರಂಥಿಗಳ ಅರ್ಥ ಹೀಗೆ ತಿಳಿದಂತಾಯಿತು. ಭಾರತದಲ್ಲಿ ಕ್ಷಯವು ಇಂದಿಗೂ ಈ ರೋಗದ ಒಂದು ಮುಖ್ಯ ಕಾರಣ. ಕಾರಣ ಯಾವುದೇ ಇರಲಿ, ರೋಗಿ ದಿನಕ್ಕೆ ಎರಡು ಮೂರು ಬಾರಿ ಸಣ್ಣ ಮಾತ್ರೆಯನ್ನು ನುಂಗಬೇಕು. ಜ್ವರ ಬಂದಾಗ ವೈದ್ಯರು ಹೇಳಿದಂತೆ ಪ್ರಮಾಣವನ್ನು ಹೆಚ್ಚಿಸಬೇಕು. ಎಚ್ಚರ ತಪ್ಪಿ ಬಿದ್ದರೆ ನೋಡಿದವರಿಗೆ ತಿಳಿಯಲೆಂದು ಅಂಥವರು ರೋಗದ ಹೆಸರನ್ನು ಬರೆದ ಚೀಟಿಯೊಂದನ್ನು ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಟ್ರೂಸೊ ಇಟ್ಟ ಹೆಸರೇ ಈಗಲೂ ಆ ಚೀಟಿಯ ಮೇಲಿರುತ್ತದೆ.